ಹೊಗೆ ಅಟ್ಟದ ಹಲಗೆ

ಚಿತ್ರದುರ್ಗ
೧೪ ಜುಲೈ ೧೯೦೭

ಅಪ್ಪನ ಕಾಲಿಗೆ ಬಿದ್ದು ಪಾಲಣ್ಣ ಹೇಳಿ ಬರೆಸುವುದು.

ಕಚೇರಿ ಮುಂದಿನ ಹುಣಸೆ ಮರದ ಕೆಳಗೆ ಅರ್ಜಿ ಬರೆಯುವ ಓಬಳೇಶಪ್ಪನವರ ಎದುರು ಕೂತಿದ್ದೇನೆ. ನಾನು ಬಾಯಿ ಬಿಡುವ ಮೊದಲೇ ಅವರು 'ಇತ್ತ ಎಲ್ಲರೂ ಕ್ಷೇಮ' ಎಂದು ಬರೆದುಬಿಟ್ಟಿದ್ದರು. ಹೊಡೆದು ಹಾಕಿಸಿದ್ದೇನೆ. ಮೇಲೆ ಕಾಣುವ ಕಪ್ಪು ಗೀಟು ಅದೇ.

ಎರಡು ವರ್ಷದ ಹಿಂದೆ ಮಠಕ್ಕೆ ನಾವು ಮಾಡಿದ ತಂಬೂರಿ ಒಪ್ಪಿಸಿ ಬಾ ಎಂದು ನೀವು ನನ್ನನ್ನು ದುರ್ಗಕ್ಕೆ ಕಳಿಸಿದಿರಿ. ತಂಬೂರಿ ಒಪ್ಪಿಸಿದೆ, ನಾನು ತಿರುಗಿ ಬರಲಿಲ್ಲ. ಏಕಾಂತಮ್ಮನವರ ಮನೆಯ ಕಿಟಕಿಯಿಂದ ಒಂದು ಗಿಟಾರಿನ ದನಿ ಕೇಳಿ ಬೀದಿಯಲ್ಲೇ ನಿಂತುಬಿಟ್ಟೆ. ಆಗ ನಿಮಗೆ ಹೇಳಿ ಕಳಿಸಿದ್ದೆ: ನಮ್ಮ ತಂಬೂರಿಯ ದನಿ ಕೂತಲ್ಲೇ ಕೂತಿರುತ್ತದೆ, ಈ ಗಿಟಾರಿನದು ನಡೆಯುತ್ತದೆ ಎಂದು. 'ನಡೆಯೋದು ಬೇಕಾದ್ರೆ ಕತ್ತೆ ಸಾಕು ಅಂತ ಹೇಳ್ರಿ ಅವನಿಗೆ' ಎಂದು ನೀವು ತಿರುಗಿ ಹೇಳಿ ಕಳಿಸಿದಿರಿ. ಅಲ್ಲಿಂದೀಚೆಗೆ ನಮ್ಮಿಬ್ಬರಿಗೆ ಮಾತಿಲ್ಲ.

ಆ ಗಿಟಾರು ಮಾಡುವವರ ಹೆಸರು ಆನ್ಸೆಲ್ಮೊ. ಸ್ಪೇನ್ ದೇಶದವರು. ಅವರ ಅಪ್ಪ, ಅಜ್ಜ ಎಲ್ಲ ಇದೇ ಕಸುಬಿನವರು. ಎದೆ ಕಾಯಿಲೆಗೆ ಒಣ ಹವೆ ಬೇಕೆಂದು ಬೊಂಬಾಯಿಯಿಂದ ಇಲ್ಲಿಗೆ ಬಂದು ಏಕಾಂತಮ್ಮನ ಮನೆಯಲ್ಲಿ ಬಾಡಿಗೆಗೆ ಉಳಿದವರು. ಏಕಾಂತಮ್ಮನ ಬಾಯಿಂದ ಕಲಿತ ನಮ್ಮ ಮಾತೇ ಆಡುತ್ತಾರೆ. 'ಲೇ ಪಾಲ, ಈ ಊರ ಗಾಳಿ ಒಣಗೈತೆ. ಮರ ಹೇಳಿದ ಮಾತು ಕೇಳ್ತೈತೆ, ನೀನು ಮಾತ್ರ ಕೇಳಂಗಿಲ್ಲ' ಎಂದು ಬೈಯುತ್ತಿದ್ದರು. ಬೀಟೆ ಹಲಗೆಯನ್ನು ನೆನೆಸಿ ಕಾದ ಕಬ್ಬಿಣದ ಮೇಲೆ ಬಗ್ಗಿಸುವುದನ್ನು ಕಲಿಸಿದರು. ಮುಖದ ಹಲಗೆಯನ್ನು ಗೋಧಿ ಕಾಳಿನಷ್ಟು ತೆಳ್ಳಗೆ ತರುವುದನ್ನು, ಅದರ ಒಳಮೈಗೆ ಬೀಸಣಿಗೆಯ ಕಡ್ಡಿಗಳ ಹಾಗೆ ಏಳು ಕಡ್ಡಿ ಕೂರಿಸುವುದನ್ನು ಕಲಿಸಿದರು. ಹೆತ್ತವರು ಕಲಿಸಿದ ಹಾಗೆ ಕಲಿಸಿದರು. ಅವರಿಗೆ ನಾನು ಮಾಡಿದ್ದು ಕೇಳಿ.

ಅವರ ಊರಿನಲ್ಲಿ ಲುಸಿಯಾ ಎಂದು ಒಬ್ಬಳೇ ಮಗಳು. ನಾಲ್ಕು ವರ್ಷದವಳಿದ್ದಾಗ ಬಿಟ್ಟು ಬಂದದ್ದು. ಈ ವರ್ಷ ಆಕೆಯ ಕಾಗದ ಬಂತು. 'ಅಪ್ಪ, ನಿನ್ನ ಕೈಯಿಂದ ಮಾಡಿದ್ದು ಅಂತ ನಮ್ಮ ಮನೆಯಲ್ಲಿ ಒಂದೂ ಇಲ್ಲ' ಎಂದು ಬರೆದಿದ್ದಳಂತೆ. ಅವರು ಪೆಟ್ಟಿಗೆಯ ತಳದಿಂದ ಒಂದು ಬಟ್ಟೆಯ ಗಂಟು ತೆಗೆದರು. ಅವರ ಅಪ್ಪ ಹಿಮದ ಬೆಟ್ಟದಲ್ಲಿ ಕಡಿದ ಮರದ ಹಲಗೆ. ಹದಿನೇಳು ವರ್ಷ ಊರೂರು ಹೊತ್ತು ತಿರುಗಿದರೂ ಯಾರಿಗೂ ಅದರಿಂದ ಮಾಡಿಕೊಟ್ಟಿರಲಿಲ್ಲ. 'ಇದು ಲುಸಿಯಾಗೆ. ಇದಾದ ಮೇಲೆ ನಾನು ಸಾಯಬೌದು' ಎಂದರು.

ಹೋದ ತಿಂಗಳು ಅವರಿಗೆ ಕೆಮ್ಮಿನಲ್ಲಿ ರಕ್ತ ಬಂತು. ಹಿರಿಯೂರಿನ ಡಾಕ್ಟರು ಹನ್ನೊಂದು ದಿನ ತಮ್ಮಲ್ಲೇ ಇಟ್ಟುಕೊಂಡರು. ಆ ದಿನಗಳಲ್ಲಿ ಸೂರಿನ ಬಿದಿರಿನಿಂದ ಕುಟ್ಟೆ ಹುಳದ ಹುಡಿ ಆ ಗಂಟಿನ ಮೇಲೆ ಉದುರಿರುವುದನ್ನು ಕಂಡೆ. ನಿಮ್ಮ ಮಗ ಏನು ಮಾಡುತ್ತಾನೆ ಹೇಳಿ? ಹೊಂಗೆ ಎಣ್ಣೆ ಕಾಯಿಸಿ, ಅರಿಶಿನ ಕಲಸಿ, ಬಿಸಿಲಿಗಿಟ್ಟು ಮೂರು ಕೈ ಸವರಿದೆ. ಸೋರೆ ಬುರುಡೆಗೆ, ಹಲಗೆಗೆ ನೀವು ಸವರುವ ಹಾಗೆಯೇ.

ನಮ್ಮ ತಂಬೂರಿಗೆ ಬಿದಿರು ಮೊಳೆ, ಎಣ್ಣೆ ಕುಡಿದರೂ ನಡೆಯುತ್ತದೆ. ಅವರ ಗಿಟಾರು ನಿಲ್ಲುವುದು ಬರೀ ಸರೇಸಿನ ಅಂಟಿನಿಂದ. ಎಣ್ಣೆ ಕುಡಿದ ಮರವನ್ನು ಸರೇಸು ಹಿಡಿಯುವುದಿಲ್ಲ. ನನಗೆ ಗೊತ್ತಿತ್ತು ಅಪ್ಪ. ಎರಡು ವರ್ಷದಿಂದ ಗೊತ್ತಿತ್ತು. ಆದರೆ ಕೈಗೆ ಗೊತ್ತಿರಲಿಲ್ಲ.

ಗಾಡಿ ಇಳಿದು ಹೊಸ್ತಿಲಲ್ಲೇ ಅವರು ಮೂಗರಳಿಸಿದರು. ಹಲಗೆ ಎತ್ತಿ ಕಿವಿಯ ಹತ್ತಿರ ಹಿಡಿದು ತಟ್ಟಿದರು. ಹಸಿ ಮಡಕೆ ತಟ್ಟಿದ ಹಾಗೆ ಬಂತು. ಒಂದು ಮೂಲೆಗೆ ಸರೇಸು ಬಿಟ್ಟರು. ಎಣ್ಣೆ ತಲೆಯ ಮೇಲೆ ನೀರು ಜಾರುವ ಹಾಗೆ ಜಾರಿತು. ನನ್ನನ್ನು ಹೊಡೆಯಲಿಲ್ಲ. ಬೈಯಲಿಲ್ಲ. ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ಇವತ್ತಿಗೆ ಒಂಬತ್ತು ದಿನ.

ಅಟ್ಟದ ಮೇಲೆ ಶಿವನೆ ಮರದ ಹಲಗೆ ಇದೆಯಲ್ಲ, ನಾನು ಹುಟ್ಟಿದ ವರ್ಷ ನೀವು ಒಲೆಯ ಹೊಗೆಗೆ ಏರಿಸಿದ್ದು, ಅದನ್ನು ಕೊಡಿ. ಇಪ್ಪತ್ತೆರಡು ವರ್ಷ ಒಣಗಿದ ಹಲಗೆ ಈ ಸೀಮೆಯಲ್ಲಿ ಬೇರೆಲ್ಲೂ ಇಲ್ಲ. ಬೇರೆ ಏನೂ ಕೇಳುವುದಿಲ್ಲ.

ನಿಮ್ಮ ಮಗ
ಪಾಲಣ್ಣ

ಬರೆದವನ ಮಾತು: ಹುಡುಗ ಅಳುತ್ತಾ ಹೇಳಿದ. ಅತ್ತದ್ದನ್ನು ಬರೀಬ್ಯಾಡ್ರಿ ಎಂದ. ನಾನು ಬರೆದಿದ್ದೇನೆ. ಓಬಳೇಶಪ್ಪ.


ಬಾಗೂರು
೨ ಆಗಸ್ಟ್ ೧೯೦೭

ಪಾಲಣ್ಣನಿಗೆ ಬೋರಪ್ಪ ಹೇಳುವುದು. ಬರೆಯುತ್ತಿರುವವರು ಮರುಳಸಿದ್ದಪ್ಪ ಮೇಷ್ಟ್ರು.

ನಿನ್ನ ಕಾಗದವನ್ನು ಮೇಷ್ಟ್ರು ಎರಡು ಸಲ ಓದಿದರು. ಒಂದು ಸಲ ನನಗೆ ಸಾಕಾಗಿತ್ತು.

ಅಟ್ಟದ ಹಲಗೆ ಯಾರದ್ದು ಎಂದು ನಿನಗೆ ನೆನಪಿದ್ದರೆ ಸಂತೋಷ. ನೆನಪಿಲ್ಲದಿದ್ದರೆ ಕೇಳು. ನಮ್ಮ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಶಿವನೆ ಹಲಗೆ ಹೊಗೆಗೆ ಏರುತ್ತದೆ. ಅವನು ಕಸುಬು ಕಲಿತು ತನ್ನ ಮೊದಲ ತಂಬೂರಿಗೆ ಮುಖ ಕೂರಿಸುವ ದಿನ ಅದು ಇಳಿಯುತ್ತದೆ. ಅವತ್ತಿನಿಂದ ಅವನಿಗೆ ಅಪ್ಪನ ಪಕ್ಕದಲ್ಲಿ ಕೂತು ಕೆಲಸ ಮಾಡುವ ಮಣೆ. ಒಬ್ಬನಿಗೆ ಒಂದೇ ಹಲಗೆ. ನನ್ನದು ನನ್ನ ತಂಬೂರಿಯಲ್ಲಿದೆ, ನಮ್ಮಪ್ಪನದು ಹಾಲುರಾಮೇಶ್ವರದ ಗುಡಿಯಲ್ಲಿ ಇವತ್ತಿಗೂ ಹಾಡುತ್ತಿದೆ. ಹಲಗೆ ಬೇರೆ ಕಡೆ ಹೋಯಿತು ಎಂದರೆ ಈ ಮನೆಯಲ್ಲಿ ನಿನ್ನ ಮಣೆ ಹೋಯಿತು ಎಂದು ಅರ್ಥ. ನೀನು ಕೇಳಿದ್ದು ಏನೆಂದು ತಿಳಿದೇ ಕೇಳಿದೆಯೋ?

ಇನ್ನೊಂದು. ಸರೇಸು ಎಂದರೆ ಚರ್ಮ ಕುದಿಸಿದ್ದು. ಗಿಟಾರಿನ ತಂತಿ ಕರುಳಿನದು ಎಂದು ಹತ್ತಿ ಗಾಡಿ ಹೊಡೆದುಕೊಂಡು ದುರ್ಗಕ್ಕೆ ಹೋಗಿಬಂದ ಕೆಂಚಣ್ಣ ಹೇಳಿದ. ಕೊಂದ ಜೀವದ ಒಂದು ಚೂರೂ ನಮ್ಮ ತಂಬೂರಿಗೆ ತಾಗುವುದಿಲ್ಲ. ಶಿವನನ್ನು ಕರೆಯುವ ವಾದ್ಯಕ್ಕೆಂದು ಹೊಗೆಯಲ್ಲಿ ಇಟ್ಟಿದ್ದನ್ನು ಚರ್ಮದ ಅಂಟಿಗೆ ಕೊಡಲಾ?

ಆ ದೊರೆಯ ಹಲಗೆ ಹಾಳಾದದ್ದಕ್ಕೆ ನನಗೂ ಬೇಜಾರಿದೆ. ಮರದ ಕೆಲಸದವನ ಹೊಟ್ಟೆ ಉರಿಯುವುದು ನನಗೆ ಗೊತ್ತು. ಆದರೆ ಹಲಗೆ ಬರುವುದಿಲ್ಲ. ನೀನು ಬರುವುದಿದ್ದರೆ ಬಾ. ಕೈ ತೊಳೆದುಕೊಂಡು ಬಾ. ಸರೇಸು ಮುಟ್ಟಿದ ಕೈ ಈ ಹೊಸ್ತಿಲು ದಾಟಬಾರದು.

ಬೋರಪ್ಪ


ಚಿತ್ರದುರ್ಗ
೨೧ ಆಗಸ್ಟ್ ೧೯೦೭

ಅಪ್ಪನಿಗೆ ಪಾಲಣ್ಣ ಬರೆಸುವುದು.

ನೀವು ಹೇಳಿದ್ದೆಲ್ಲ ನಿಜ. ಆದರೂ ಬರೆಸುತ್ತಿದ್ದೇನೆ, ಏಕೆಂದರೆ ಸುಮ್ಮನಿದ್ದರೆ ಆ ಮನುಷ್ಯ ಸಾಯುತ್ತಾರೆ.

ಏಕಾಂತಮ್ಮನವರು ಗಂಜಿ ತಂದಿಟ್ಟರೆ ಹಾಗೇ ಆರುತ್ತದೆ. 'ಉಣ್ರಿ ದೊರೆ, ಹಲಗೆ ಹೋದ್ರೆ ಹೋಯ್ತು, ಮುಂಡೇದು ಮರ ತಾನೆ' ಎಂದು ಆಕೆ ಗದರಿದರು. ಅವರು ಗೋಡೆ ಕಡೆಯಿಂದಲೇ 'ಮರ ಅಲ್ಲವ್ವ, ನಮ್ಮಪ್ಪ' ಎಂದರು. ತಿಂಗಳಲ್ಲಿ ಅವರಾಡಿದ್ದು ಅದೊಂದೇ ಮಾತು.

ನಾನು ಸುಮ್ಮನೆ ಕೂತಿಲ್ಲ. ಹಾಳಾದ ಹಲಗೆಯನ್ನು ಬೂದಿಯಲ್ಲಿ ಹೂತೆ, ಎಣ್ಣೆ ಹೀರಲಿ ಎಂದು. ಸುಣ್ಣ ಸವರಿದೆ. ಬಿಸಿ ಮರಳಿನಲ್ಲಿ ಇಟ್ಟೆ. ಅದು ಬಾಗಿ, ಹಳದಿ ತಿರುಗಿ, ನಡುವೆ ಒಡೆಯಿತು. ಈಗ ಅದು ಸೌದೆ. ಜೋಗಿಮಟ್ಟಿ ಕಾಡಿಗೆ ಹೋಗಿ ಶಿವನೆ ಕಡಿದು ತಂದೆ. ಹಸಿ ಮರ, ಒಂದು ವಾರದಲ್ಲಿ ಹಪ್ಪಳದ ಹಾಗೆ ತಿರುಚಿಕೊಂಡಿತು. ಭರಮಸಾಗರಕ್ಕೆ ನಡೆದೆ. ಅಲ್ಲಿ ಹಳೇ ಮನೆ ಕೆಡವುತ್ತಿದ್ದಾರೆ ಎಂದು ಕೇಳಿ ತೊಲೆಗಳನ್ನೆಲ್ಲ ತಟ್ಟಿ ನೋಡಿದೆ. ಬೇವು, ಹೊನ್ನೆ, ಜಾಲಿ. ಎಲ್ಲ ಕಲ್ಲಿನ ಹಾಗೆ ಭಾರ. ಅಲ್ಲಿನ ಯಜಮಾನ ನಕ್ಕ. 'ಏನಪ್ಪ, ತೊಲೆಗೆ ಜ್ವರ ಐತೇನು ಅಂತ ನೋಡ್ತಿಯಾ?' ಎಂದ. ನನಗೆ ನಗು ಬರಲಿಲ್ಲ.

ಬೀಟೆಯ ಬೆನ್ನು, ಪಕ್ಕೆ, ಕುತ್ತಿಗೆ ಎಲ್ಲ ಸಿದ್ಧವಾಗಿ ಗೂಟದಲ್ಲಿ ನೇತಾಡುತ್ತಿವೆ. ಮುಖ ಇಲ್ಲದ ಒಡಲು. ಬೆಳಗ್ಗೆ ಬಾಗಿಲು ತೆಗೆದರೆ ಮೊದಲು ಕಾಣುವುದು ಅದೇ. ಲುಸಿಯಾಳ ಇನ್ನೊಂದು ಕಾಗದ ಬಂದಿದೆ. ಅವರು ಒಡೆದಿಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ.

ನನ್ನ ಮಣೆ ಹೋಗಲಿ ಅಪ್ಪ. ನಾನೇ ಕೈಯಾರೆ ಬರೆದುಕೊಡುತ್ತಿದ್ದೆ, ಬರೆಯಲು ಬರುವುದಿಲ್ಲ. ಮನೆಗೆ ಬರಬೇಡ ಎಂದರೆ ಬರುವುದಿಲ್ಲ. ಹಲಗೆ ಕೊಡಿ.

ಪಾಲಣ್ಣ

ಬರೆದವನ ಮಾತು: ನಿಮ್ಮ ಮಗನ ಕೈ ನೋಡಿದೆ. ಹಲಗೆ ಉಜ್ಜಿ ಉಜ್ಜಿ ಬೆರಳ ತುದಿಯಲ್ಲಿ ಚರ್ಮವಿಲ್ಲ. ಓಬಳೇಶಪ್ಪ.


ಚಿತ್ರದುರ್ಗ
೨೬ ಸೆಪ್ಟೆಂಬರ್ ೧೯೦೭

ಗಂಗಕ್ಕನಿಗೆ ತಮ್ಮ ಪಾಲಣ್ಣ.

ಒಂದು ತಿಂಗಳು ಮೇಲಾಯಿತು, ಅಪ್ಪನ ಉತ್ತರವಿಲ್ಲ. ಅದಕ್ಕೇ ನಿನಗೆ. ನಿನ್ನ ಗಂಡನ ಮನೆ ಅಪ್ಪನ ಮನೆಯ ಹಿಂದಿನ ಬೀದಿಯಲ್ಲೇ ಇದೆ. ಅವ್ವ ಹೋದ ಮೇಲೆ ದಿನಾ ಅವರಿಗೆ ಮಧ್ಯಾಹ್ನದ ರೊಟ್ಟಿ ಕೊಡುವವಳು ನೀನು. ಮರುಳಸಿದ್ದಪ್ಪ ಮೇಷ್ಟ್ರೇ, ಇದನ್ನು ಅಕ್ಕನಿಗೆ ಓದುವವರು ನೀವೇ ಎಂದು ಗೊತ್ತು. ಓದಿ, ಆಮೇಲೆ ಮರೆತುಬಿಡಿ, ನಿಮ್ಮ ದಮ್ಮಯ್ಯ.

ಅಕ್ಕಾ, ಅಪ್ಪ ಬುರುಡೆ ಬಳ್ಳಿ ನೋಡಲು ತೋಟಕ್ಕೆ ಹೋದಾಗ ಅಟ್ಟ ಹತ್ತು. ಒಲೆಯ ನೇರಕ್ಕೆ, ಎಡಗಡೆ ತೊಲೆಗೆ ಕಟ್ಟಿದೆ. ಬಿಚ್ಚಿ ಕೆಂಚಣ್ಣನ ಹತ್ತಿ ಗಾಡಿಗೆ ಹಾಕು. ಪಾಪ ನನ್ನದು.

ಕಳ್ಳತನ ಹೇಳಿಕೊಡುತ್ತಿದ್ದೇನೆ, ನನಗೆ ತಿಳಿಯುತ್ತದೆ. ನೆನ್ನೆ ಆನ್ಸೆಲ್ಮೊ ನನ್ನನ್ನು ಕರೆದರು. ಇಷ್ಟು ದಿನದ ಮೇಲೆ ಬೈಯುತ್ತಾರೆ ಎಂದು ಆಸೆಯಿಂದ ಓಡಿದೆ. ಅವರ ಉಳಿ, ಕೀಸುಳಿ ಎಲ್ಲ ಒಂದು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. 'ತಗಾ. ನಂಗೆ ಇನ್ನೇನು ಕೆಲಸ ಐತೆ' ಎಂದರು. ನಾನು ತೆಗೆದುಕೊಳ್ಳಲಿಲ್ಲ. ಗಂಟು ನಮ್ಮಿಬ್ಬರ ನಡುವೆ ನೆಲದ ಮೇಲೆ ಇದೆ. ಇವತ್ತು ಏಕಾಂತಮ್ಮ ಕಸ ಗುಡಿಸುವಾಗ ಅದನ್ನು ಬಿಟ್ಟು ಅದರ ಸುತ್ತ ಗುಡಿಸಿದರು.

ನೀನೂ ಇಲ್ಲ ಎಂದರೆ ಇನ್ನು ಯಾರನ್ನೂ ಕೇಳುವುದಿಲ್ಲ.

ಪಾಲಣ್ಣ


ಬಾಗೂರು
೧೬ ಅಕ್ಟೋಬರ್ ೧೯೦೭

ಪಾಲಣ್ಣನಿಗೆ ಬೋರಪ್ಪ.

ಅಕ್ಕನ ಕೈಯಲ್ಲಿ ಕದಿಸಲು ನೋಡಿದೆಯಂತೆ. ಮೇಷ್ಟ್ರು ಹೇಳಲಿಲ್ಲ, ಅವರನ್ನು ಬೈಯಬೇಡ. ಗಂಗಿ ತಾನೇ ಬಂದು ನನ್ನ ಎದುರು ಕೂತು, 'ಅಪ್ಪಾ, ನಿನ್ನ ಮಗ ನನ್ನ ಕಳ್ಳಿ ಮಾಡಾಕ್ ಹೊಂಟಾನೆ, ಮಾಡ್ಲೋ ಬ್ಯಾಡ್ವೋ ನೀನೇ ಹೇಳು' ಎಂದು ಕೇಳಿದಳು. ಅವಳು ನಿನ್ನ ಅವ್ವನ ಹಾಗೆ.

ಎರಡು ತಿಂಗಳು ಯೋಚನೆ ಮಾಡಿದೆ. ಎಣ್ಣೆ ಸವರಿದ್ದು ನಿನ್ನ ಕೈ. ಸವರುವುದನ್ನು ಆ ಕೈಗೆ ಕಲಿಸಿದವನು ನಾನು. ನೀನು ಏಳು ವರ್ಷದವನಿದ್ದಾಗ ಒಂದು ಬುರುಡೆಗೆ ಎಣ್ಣೆ ಮರೆತೆ ಎಂದು ಹೊಡೆದಿದ್ದೆ. ನಿನಗೆ ನೆನಪಿರಲಿಕ್ಕಿಲ್ಲ, ನಿನ್ನ ಕೈಗೆ ನೆನಪಿದೆ. ಆ ದೊರೆಯ ಹಲಗೆ ಕೆಟ್ಟ ತಪ್ಪಿನಲ್ಲಿ ಅರ್ಧ ನನ್ನದು. ಅದಕ್ಕೆ ಅರ್ಧ ಹಲಗೆ ಕೊಡುತ್ತಿದ್ದೇನೆ.

ಅಟ್ಟದಿಂದ ಇಳಿಸಿ, ಅಡ್ಡಕ್ಕೂ ಅಲ್ಲ ಉದ್ದಕ್ಕೂ ಅಲ್ಲ, ದಪ್ಪವನ್ನು ಸೀಳಿದೆ. ಒಂದು ಹಲಗೆ ಎರಡು ಎಲೆಯಾಯಿತು. ಅಗಲ ಕಡಿಮೆಯಾಗಿಲ್ಲ. ಒಂದು ಎಲೆಯನ್ನು ಕೆಂಚಣ್ಣನ ಗಾಡಿಯಲ್ಲಿ ಹತ್ತಿಯ ನಡುವೆ ಇಟ್ಟು ಕಳಿಸಿದ್ದೇನೆ. ಇನ್ನೊಂದು ಎಲೆ ಬಟ್ಟೆಯಲ್ಲಿ ಸುತ್ತಿ ತಿರುಗಿ ಅಟ್ಟ ಏರಿದೆ. ನಿನ್ನ ಮಣೆ ಇದ್ದಲ್ಲೇ ಇದೆ.

ಬುಡದ ಕಡೆ ಮೂರು ಸುಣ್ಣದ ಬೊಟ್ಟು ಇವೆ, ನಿನಗೆ ಹೆಸರಿಟ್ಟ ದಿನ ನಿನ್ನ ಅವ್ವ ಇಟ್ಟದ್ದು. ಅವನ್ನು ಕೀಸಬೇಡ. ಸರೇಸಿನ ವಿಷಯ ನಾನು ಕೇಳುವುದಿಲ್ಲ, ನೀನು ಹೇಳಬೇಡ. ಸರೇಸು ಮುಟ್ಟಿದ ಕೈ ಈ ಹೊಸ್ತಿಲು ದಾಟಬಾರದು ಎಂಬ ಮಾತು ಹಾಗೆಯೇ ಇದೆ. ಕೆಲಸ ಮುಗಿದ ಮೇಲೆ ಆ ಕಸುಬು ಬಿಟ್ಟು ಬಾ.

ಬೋರಪ್ಪ


ಚಿತ್ರದುರ್ಗ
೧೮ ನವೆಂಬರ್ ೧೯೦೭

ಅಪ್ಪನಿಗೆ ಪಾಲಣ್ಣ.

ಎಲೆ ಬಂತು. ಗಂಟು ಬಿಚ್ಚಿದಾಗ ನಮ್ಮ ಅಡಿಗೆ ಮನೆಯ ವಾಸನೆ ಬಂತು. ನಾನು ಅದನ್ನು ಅವರ ಕಿವಿಯ ಹತ್ತಿರ ಹಿಡಿದು ಬೆರಳ ಗಿಣ್ಣಿನಿಂದ ಒಂದು ಸಲ ತಟ್ಟಿದೆ.

ಅವರು ಗೋಡೆ ಕಡೆಯಿಂದ ತಿರುಗಿದರು. 'ಇನ್ನೊಂದ್ಸಲ' ಎಂದರು. ತಟ್ಟಿದೆ. ಕೈ ಚಾಚಿ ತಾವೇ ಇಸಿದುಕೊಂಡು ಮೂಲೆ ಹಿಡಿದು, ನಡುವೆ, ಬುಡದಲ್ಲಿ, ತುದಿಯಲ್ಲಿ ತಟ್ಟುತ್ತಾ ಹೋದರು. ಮೂಸಿದರು. ಸುಣ್ಣದ ಬೊಟ್ಟಿನ ಮೇಲೆ ಬೆರಳಾಡಿಸಿದರು. 'ಯಾರದ್ದು?' ಎಂದರು. ನಾನು ಹೇಳಿದೆ. ಹೊಗೆಯ ವಿಷಯ, ಮಣೆಯ ವಿಷಯ, ದಪ್ಪ ಸೀಳಿದ ವಿಷಯ. ಅವರಿಗೆ ಬಹಳ ಹೊತ್ತು ಕೆಮ್ಮು ಬಂತು. ಆಮೇಲೆ ಹೇಳಿದರು: 'ಇಷ್ಟು ಅಗಲ, ಇಷ್ಟು ಸಮ, ಕೈ ಗರಗಸದಲ್ಲಿ ಸೀಳ್ಯಾನೆ. ನಿಮ್ಮಪ್ಪಂಗೆ ಹದ್ದಿನ ಕಣ್ಣು ಅವೆ.'

ಅವತ್ತು ಗಂಜಿ ಕುಡಿದರು. ಏಕಾಂತಮ್ಮ ಹೊರಗೆ ಹೋಗಿ ಅತ್ತು ಬಂದು, 'ಅಂತೂ ನನ್ನ ಗಂಜಿಗೆ ರುಚಿ ಬಂತು ಇವತ್ತು' ಎಂದು ಗೊಣಗಿದರು.

ಆದರೆ ಅಪ್ಪ, ತಡವಾಗಿದೆ. ಅವರಿಗೆ ಕೂರಲು ಆಗುವುದಿಲ್ಲ. ಉಳಿ ಹಿಡಿಯುವ ಕಸುವಿಲ್ಲ. ಮಂಚದ ಪಕ್ಕಕ್ಕೇ ಕೆಲಸದ ಮಣೆ ಎಳೆದುಕೊಂಡಿದ್ದೇನೆ. ನಾನು ಕೀಸುತ್ತೇನೆ, ಅವರು ಕೇಳುತ್ತಾರೆ. 'ಅಲ್ಲಿ ಇನ್ನಾ ಸ್ವಲ್ಪ. ಲೇ, ಅಲ್ಲಲ್ಲ, ಎಡಕ್ಕೆ. ನಿಲ್ಸು, ನಿಲ್ಸು.' ಶಿವನೆ ಅವರಿಗೆ ಹೊಸ ಮರ, ಗಿಟಾರು ನನಗೆ ಇನ್ನೂ ಹೊಸತು. ಎಲ್ಲಿ ನಿಲ್ಲಿಸಬೇಕು ಎಂದು ಇಬ್ಬರಿಗೂ ಪೂರ್ತಿ ಗೊತ್ತಿಲ್ಲ. ಒಂದು ಎಳೆ ಹೆಚ್ಚು ಕೀಸಿದರೆ ಮುಗಿಯಿತು, ಇನ್ನೊಂದು ಎಲೆ ಇಲ್ಲ. ಏಳರಲ್ಲಿ ನಾಲ್ಕು ಕಡ್ಡಿ ಕೂರಿಸಿದ್ದೇವೆ. ಬೊಟ್ಟುಗಳು ಹಾಗೆಯೇ ಇವೆ, ಒಳಮೈಯಲ್ಲಿ.

ಮಾಡಿದವನ ಹೆಸರಿನ ಚೀಟಿಯನ್ನು ಒಳಗೆ ಅಂಟಿಸುವುದು ಅವರ ಪದ್ಧತಿ. ಅದರಲ್ಲಿ ನೀನೂ ಒಂದು ಸಾಲು ಬರಿ ಎಂದರು. ಬರೆಯಲು ಬರುವುದಿಲ್ಲ ಎಂದೆ. 'ಕಲಿ. ನಾನು ಕಾಯ್ತೀನಿ' ಎಂದರು. ಮಧ್ಯಾಹ್ನ ಓಬಳೇಶಪ್ಪನವರು ಮರಳಿನ ಮೇಲೆ, ಸ್ಲೇಟಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದಾರೆ.

ಪಾಲಣ್ಣ

ಬರೆದವನ ಮಾತು: ಉಳಿಗಿಂತ ಬಳಪ ಭಾರ ಎನ್ನುತ್ತಾನೆ. ಆದರೆ ಬಿಡುವುದಿಲ್ಲ. ಓಬಳೇಶಪ್ಪ.


ಬಾಗೂರು
೧೨ ಡಿಸೆಂಬರ್ ೧೯೦೭

ತಮ್ಮನಿಗೆ ಗಂಗಕ್ಕ.

ಮೇಷ್ಟ್ರ ಕೈಯಲ್ಲೇ ಬರೆಸುತ್ತಿದ್ದೇನೆ. ಅಪ್ಪನಿಗೆ ಹೇಳಕೂಡದು ಎಂದು ಈ ಸಲ ಅವರಿಂದ ಆಣೆ ಹಾಕಿಸಿಕೊಂಡಿದ್ದೇನೆ.

ನಿನ್ನ ಕಾಗದವನ್ನು ಓದಿದಾಗ ನಾನೂ ಅಲ್ಲೇ ಇದ್ದೆ. 'ನಿಮ್ಮಪ್ಪಂಗೆ ಹದ್ದಿನ ಕಣ್ಣು ಅವೆ' ಎಂಬಲ್ಲಿ ಅಪ್ಪ ಎದ್ದು ಹಿತ್ತಲಿಗೆ ಹೋದರು. ನಿನಗೆ ಗೊತ್ತಾಗಬೇಕು. ಅಪ್ಪನ ಬಲಗಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಎಡಗಣ್ಣಿಗೂ ಈಗ ಬರುತ್ತಿದೆ. ನೀನು ಹೋದ ಮೇಲೆ ಮೂರೇ ತಂಬೂರಿ ಮಾಡಿದ್ದು, ಅದೂ ಬೆರಳಲ್ಲಿ ನೋಡಿಕೊಂಡು.

ಹಲಗೆ ಸೀಳುವಾಗ ಗರಗಸದ ಆ ತುದಿ ಹಿಡಿದವಳು ನಾನು. ಬೇರೆ ಯಾರನ್ನಾದರೂ ಕರೆಯೋಣ ಎಂದರೆ, 'ಮಗನ ಹಲಗೆ ಅಪ್ಪನೇ ಸೀಳಬೇಕು' ಎಂದರು. ಏಳು ದಿನ ಸೀಳಿದೆವು. ಮಸಿ ದಾರ ಹಾಕಿದ ಗೀಟು ಅವರಿಗೆ ಕಾಣುತ್ತಿರಲಿಲ್ಲ, ಬೆರಳಿಟ್ಟು ಹುಡುಕುತ್ತಿದ್ದರು. ಕೊನೆಯ ಗೇಣಿನಲ್ಲಿ ಗರಗಸ ಓರೆ ಹೋಯಿತು. ನಾನು ಎಳೆದದ್ದು ಹೆಚ್ಚಾಯಿತೋ, ಅವರ ಕಣ್ಣು ಕಡಿಮೆಯಾಯಿತೋ, ದೇವರಿಗೇ ಗೊತ್ತು. ಒಂದು ಎಲೆ ಚೆನ್ನಾಗಿ ಬಂತು. ಇನ್ನೊಂದು ತುದಿಯಲ್ಲಿ ಕಾಗದದ ಹಾಗೆ ತೆಳ್ಳಗಾಗಿ, ಬುಡದವರೆಗೂ ಸೀಳಿಹೋಯಿತು.

ಅಪ್ಪ ಎರಡರ ಮೇಲೂ ಕೈಯಾಡಿಸಿದರು. ಬಹಳ ಹೊತ್ತು ಆಡಿಸಿದರು. ಆಮೇಲೆ, 'ಒಳ್ಳೇದು ದುರ್ಗಕ್ಕೆ ಹೋಗ್ಲಿ' ಎಂದರು. ನಾನು, 'ಅಪ್ಪಾ, ಅವನ ತಂಬೂರಿಗೆ?' ಎಂದೆ. 'ಅವನಿಗೆ ಹೇಳಬ್ಯಾಡ. ಹಲಗೆ ಐತೆ ಅಂತ ತಿಳಿದ್ರೆ ಬರ್ತಾನೆ' ಎಂದರು. ಸೀಳಿದ್ದನ್ನು ಬಟ್ಟೆಯಲ್ಲಿ ಸುತ್ತಿ ತಾವೇ ತಡಕಿಕೊಂಡು ಅಟ್ಟ ಏರಿ ಕಟ್ಟಿಬಂದರು.

ಅರ್ಧ ತಪ್ಪಿಗೆ ಅರ್ಧ ಹಲಗೆ ಎಂದು ಬರೆಸಿದರಲ್ಲ, ಕೊಟ್ಟದ್ದು ಪೂರ್ತಿ ಕಣೋ.

ಗಂಗಕ್ಕ


ಹೊಳಲ್ಕೆರೆ ಟೇಸನ್ನು
೨೩ ಜನವರಿ ೧೯೦೮

ಅಪ್ಪಾ,

ಇದು ನನ್ನ ಕೈಬರಹ. ಓಬಳೇಶಪ್ಪನೋರು ಪಕ್ಕದಾಗೆ ಇಲ್ಲ. ಅವರಂಗೆ ಬರೆಯಾಕೆ ಬರಂಗಿಲ್ಲ, ಮಾತಾಡಿದಂಗೆ ಬರೆದೀನಿ. ಅವರು ನಿನ್ನ 'ನೀವು' ಅಂತ ಬರೀತಿದ್ರು. ನಾನು ಯಾವತ್ತು ನಿನ್ನ ಹಂಗೆ ಕರೆದೀನಿ?

ಆನ್ಸೆಲ್ಮೊ ಸಂಕ್ರಾಂತಿಗೆ ನಾಕು ದಿನ ಮುಂಚೆ ಹೋಗ್ಬಿಟ್ರು. ಬೆನ್ನು ಮುಚ್ಚಿ, ಕುತ್ತಿಗೆ ಕೂರಿಸಿ, ಅರಗಿನ ಮೆರುಗು ಕೊಡ್ತಿದ್ದೆ. ತಂತಿ ಕಟ್ಟೋದು ಒಂದೇ ಬಾಕಿ ಇತ್ತು. ಬೆಳಗ್ಗೆ ನೋಡಿದ್ರೆ ಕೈ ಅದರ ಪಕ್ಕೆ ಮ್ಯಾಲೆ ಇಟ್ಕಂಡೇ ಹೋಗಿದ್ರು. ಅದರ ದನಿ ಅವರು ಕೇಳಲಿಲ್ಲ. ಮಗಳ ಕಾಗದ ದಿಂಬಿನ ಕೆಳಗೆ ಒಡೀದೇ ಇತ್ತು. ಮಣ್ಣಿಗೆ ಇಡುವಾಗ ಅದನ್ನೂ ಅವರ ಜೊತೆ ಇಟ್ಟೆ. ತಪ್ಪೋ ಸರಿಯೋ ಗೊತ್ತಿಲ್ಲ.

ಆಮೇಲೆ ತಂತಿ ಕಟ್ಟಿದೆ. ಏಕಾಂತಮ್ಮ ಒಬ್ರೇ ಇದ್ರು ಕೇಳಾಕೆ. ಅದು ನಡೀತು ಅಪ್ಪಾ. ನಿನ್ನ ಹಲಗೆ ನಡೀತು.

ಬೆನ್ನು ಮುಚ್ಚಾಕೆ ಮುಂಚೆನೇ ಚೀಟಿಯಾಗೆ ಅವರ ಹೆಸರಿನ ಕೆಳಗೆ ನನ್ನ ಸಾಲು ಬರೆದಿದ್ದೆ. ನಾನು ಮೊದಲು ಬರೆದ ಅಕ್ಷರ ಅವೇ. 'ಹಲಗೆ ಬಾಗೂರು ಬೋರಪ್ಪಂದು' ಅಂತ. ಅವ್ವನ ಬೊಟ್ಟಿನ ಪಕ್ಕದಾಗೆ ಐತೆ. ಈಗ ತಾನೆ ಬೊಂಬಾಯಿ ರೈಲಿಗೆ ಹಾಕಿ ಬಂದೆ. ಅಲ್ಲಿ ಅವರ ಗೆಳೆಯರು ಹಡಗಿಗೆ ಏರಿಸ್ತಾರೆ.

ಅಟ್ಟದ ಮ್ಯಾಲಿರೋದು ಹೆಂಗೈತೆ ಅಂತ ನಂಗೆ ಗೊತ್ತು. ಅಕ್ಕನ ಬೈಬ್ಯಾಡ. ನಿನ್ನ ಕಣ್ಣಿನ ವಿಷ್ಯನೂ ಗೊತ್ತು. ಅವರು ಮಗಳಿಗೆ ಅಂತ ಇಟ್ಟಿದ್ದು, ನೀನು ಮಗನಿಗೆ ಅಂತ ಇಟ್ಟಿದ್ದು, ಎರಡೂ ನನ್ನಿಂದ ಹಾಳಾದ್ವು. ಅಕ್ಕನ ಕಾಗದ ಬಂದಾಗ್ನಿಂದ ಇದೊಂದೇ ತಲೆಯಾಗೆ. ಅನ್ನ ಸೇರಂಗಿಲ್ಲ.

ಸೀಳಿದ ಹಲಗೆಗೆ ಬಿದಿರು ಮೊಳೆ ಹೊಡೆದ್ರೆ ಇನ್ನೂ ಸೀಳ್ತೈತೆ, ನಿಂಗೂ ಗೊತ್ತು. ಅದನ್ನ ಕೂಡಿಸಾಕೆ ಒಂದೇ ದಾರಿ ಐತೆ. ಎರಡು ಅಂಚಿಗೂ ಸರೇಸು ಹಚ್ಚಿ ಬಿಗಿದು ಕಟ್ಟಿ, ಒಳಮೈಗೆ ತೆಳ್ಳನೆ ತೇಪೆ ಕೂರಿಸ್ಬೇಕು. ತೆಳ್ಳಗಾದ ಕಡೆ ಕಡ್ಡಿ ಇಡ್ಬೇಕು. ಅದು ನಂಗೆ ಬರ್ತೈತೆ. ಆನ್ಸೆಲ್ಮೊ ಕಲಿಸ್ಯಾರೆ. ಆದ್ರೆ ಸರೇಸು ಮುಟ್ಟಿದ ಕೈ ಹೊಸ್ತಿಲು ದಾಟಬಾರ್ದು ಅಂತ ನೀನು ಹೇಳಿದ್ದಿ. ಕೈ ತೊಳಕಂಡು ಬಂದ್ರೆ ಹಲಗೆ ಕೂಡಂಗಿಲ್ಲ. ತೊಳೀದೆ ಬಂದ್ರೆ ನೀನು ಸೇರ್ಸಂಗಿಲ್ಲ. ನಾನು ಏನು ಮಾಡ್ಲಿ?

ಇಲ್ಲಿ ಛತ್ರದಾಗೆ ಎಂಟು ದಿನ ಇರ್ತೀನಿ. ಅವರ ಉಳಿ ಗಂಟು, ಸರೇಸಿನ ಮಡಕೆ ಜೊತೇಲಿ ಅವೆ. ನಿನ್ನ ಮಾತು ಬರ್ಲಿಲ್ಲ ಅಂದ್ರೆ ರೈಲು ಹತ್ತಿ ಹೋಗ್ತೀನಿ. ಎಲ್ಲಿಗೆ ಅಂತ ನಂಗೆ ತಿಳೀದು.

ಪಾಲ


ಬಾಗೂರು
೨೮ ಜನವರಿ ೧೯೦೮

ಹೊಳಲ್ಕೆರೆ ಛತ್ರದಲ್ಲಿರುವ ಪಾಲಣ್ಣನಿಗೆ.

ಕಾಗದವನ್ನು ಮೇಷ್ಟ್ರು ಓದಿದ ಮೇಲೆ ಕೈಯಲ್ಲಿ ಇಸಿದುಕೊಂಡು ಮುಟ್ಟಿ ನೋಡಿದೆ. ಲೇಖನಿ ಒತ್ತಿ ಬರೆದಿದ್ದೀಯ, ಅಕ್ಷರ ಬೆರಳಿಗೆ ಸಿಗುತ್ತವೆ.

ಸರೇಸಿನ ಮಡಕೆಗೆಂದು ಹಿತ್ತಲಲ್ಲಿ, ಬುರುಡೆ ಚಪ್ಪರದ ಕೆಳಗೆ, ಮೂರು ಕಲ್ಲಿನ ಒಲೆ ಹೂಡಿದ್ದೇನೆ. ನೀನು ಹಿಂದಿನ ಬೀದಿಯಿಂದ ನೇರ ಹಿತ್ತಲಿಗೆ ಬಾ. ಮಡಕೆ ಹೊಸ್ತಿಲು ದಾಟಿ ಒಳಗೆ ಬರಕೂಡದು.

ಹಲಗೆಯನ್ನು ನಾನೇ ಹೊರಗೆ ತರುತ್ತೇನೆ.

ಬೋರಪ್ಪ